ಗುಂಡು ತಾಗದೆ ಮಡಿದ ಯೋಧರು: ಗೌರವ, ಕಡತ ಮತ್ತು ಕಲ್ಲು

2024ರ ಡಿಸೆಂಬರ್ 24ರಂದು ಜಮ್ಮು ಮತ್ತು ಕಾಶ್ಮೀರದ ಪೂಂಛ್ ಜಿಲ್ಲೆಯಲ್ಲಿ, ಗಡಿ ನಿಯಂತ್ರಣ ರೇಖೆಯ ಸಮೀಪ, ಮರಾಠಾ ಲಘು ಪದಾತಿ ದಳದ ಯೋಧರಿದ್ದ ಸೇನಾ ವಾಹನವೊಂದು ಆಳವಾದ ಕಂದಕಕ್ಕೆ ಉರುಳಿತು. ಐವರು ಮೃತಪಟ್ಟರು. ಅವರಲ್ಲಿ ಮೂವರು ಕರ್ನಾಟಕದವರು. ತೀವ್ರವಾಗಿ ಗಾಯಗೊಂಡು ಆಸ್ಪತ್ರೆ ಸೇರಿದ್ದ ಕೊಡಗಿನ ಯುವ ಯೋಧ ಕೆಲವು ದಿನಗಳ ನಂತರ ಕೊನೆಯುಸಿರೆಳೆದರು. ಶತ್ರುವಿನ ಗುಂಡು ಇರಲಿಲ್ಲ, ಬಾಂಬ್ ಇರಲಿಲ್ಲ. ರಸ್ತೆ, ವಾಹನ ಮತ್ತು ಇಳಿಜಾರು ಇದ್ದವು.

ಇಂಥ ಸುದ್ದಿ ಬಂದಾಗಲೆಲ್ಲ ಕೊಡಗಿನಲ್ಲಿ ಕೆಲವು ಪ್ರಶ್ನೆಗಳು ಏಳುತ್ತವೆ. ಅಪಘಾತದಲ್ಲಿ ತೀರಿಕೊಂಡವರನ್ನು ಹುತಾತ್ಮ ಎನ್ನಬಹುದೇ? ಪಿಂಚಣಿ ಪೂರ್ತಿ ಬರುತ್ತದೆಯೇ? ದೆಹಲಿಯ ಯುದ್ಧ ಸ್ಮಾರಕದಲ್ಲಿ ಹೆಸರು ಕೆತ್ತುತ್ತಾರೆಯೇ? ಸಂತಾಪ ಸೂಚಿಸಲು ಬಂದವರೇ ಇದನ್ನೆಲ್ಲ ಕೇಳಿಬಿಡುತ್ತಾರೆ, ಮನೆಯವರ ಬಳಿ ಉತ್ತರವಿರುವುದಿಲ್ಲ. ಗೊಂದಲಕ್ಕೆ ಕಾರಣವಿದೆ. ಅಂತ್ಯಸಂಸ್ಕಾರದ ಗೌರವ, ಕಚೇರಿಯ ಕಡತ, ಸ್ಮಾರಕದ ಕಲ್ಲು ಇವು ಮೂರೂ ಬೇರೆ ಬೇರೆ ನಿಯಮಗಳಲ್ಲಿ ನಡೆಯುತ್ತವೆ. ಒಂದರಲ್ಲಿ ಇಲ್ಲದ ಭೇದ ಇನ್ನೊಂದರಲ್ಲಿ ಇರುತ್ತದೆ. ಮೂರನ್ನೂ ಒಟ್ಟಿಗೆ ಕಲಸಿಬಿಟ್ಟರೆ, ಯಾರೋ ತಮ್ಮ ಮಗನನ್ನು ಕೀಳಾಗಿ ಕಂಡರು ಎಂಬ ನೋವು ಮನೆಯವರಿಗೆ ಉಳಿಯುತ್ತದೆ.

ಕೊಡಗಿನ ಮಟ್ಟಿಗೆ ಒಂದು ಮಾತು ಮೊದಲೇ ಹೇಳಬೇಕು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ ಪ್ರಾಣ ಬಿಟ್ಟದ್ದು ಯುದ್ಧದಲ್ಲಿ ಅಲ್ಲ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗ, 1965ರ ಡಿಸೆಂಬರ್ 18ರಂದು, ಹೃದಯಾಘಾತದಿಂದ. ಸೈಪ್ರಸ್ ಮರುವರ್ಷವೇ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಮಡಿಕೇರಿಯಲ್ಲಿ ಅವರು ಬೆಳೆದ ‘ಸನ್ನಿಸೈಡ್’ ಮನೆ 2021ರ ಫೆಬ್ರುವರಿ 6ರಂದು ವಸ್ತುಸಂಗ್ರಹಾಲಯವಾಯಿತು, ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರೇ ಬಂದು ಉದ್ಘಾಟಿಸಿದರು. ತಿಮ್ಮಯ್ಯನವರು ಯಾವುದರಿಂದ ತೀರಿಕೊಂಡರು ಎಂದು ಇಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಆದರೆ ಹಳ್ಳಿಯ ಸಿಪಾಯಿಯ ವಿಷಯ ಬಂದಾಗ ಲೆಕ್ಕ ಶುರುವಾಗುತ್ತದೆ.

ಗೌರವದಿಂದ ಶುರು ಮಾಡೋಣ, ಏಕೆಂದರೆ ಅದು ಎಲ್ಲಕ್ಕಿಂತ ಸರಳ. ಕರ್ತವ್ಯದಲ್ಲಿದ್ದ ಯೋಧ ಅಪಘಾತದಲ್ಲಿ ಮಡಿದರೆ ಸೇನಾ ಗೌರವದ ಅಂತ್ಯಸಂಸ್ಕಾರಕ್ಕೆ ಅಡ್ಡಿಯಿಲ್ಲ. ಕೊಡಗಿಗೆ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಹಾಗಾಗಿ ಉತ್ತರದ ಗಡಿಯಿಂದ ವಿಮಾನದಲ್ಲಿ ತಂದ ಪಾರ್ಥಿವ ಶರೀರ ಕೊನೆಯ ಹಾದಿಯನ್ನು ರಸ್ತೆಯಲ್ಲೇ ಸವೆಸಬೇಕು. ಹೆಚ್ಚಾಗಿ ಬೆಂಗಳೂರಿನಿಂದ ಮೈಸೂರು, ಹುಣಸೂರು ದಾಟಿ ಕುಶಾಲನಗರದ ಮೂಲಕ. ಪೆಟ್ಟಿಗೆಗೆ ಹೊದಿಸಿದ ತ್ರಿವರ್ಣದ ಕೇಸರಿ ಪಟ್ಟಿ ತಲೆಯ ಕಡೆಗಿರಬೇಕು. ಧ್ವಜವನ್ನು ಚಿತೆಯಲ್ಲಿ ಸುಡುವಂತಿಲ್ಲ, ಗುಂಡಿಯೊಳಗೆ ಇಳಿಸುವಂತಿಲ್ಲ. ಅದನ್ನು ತೆಗೆದು ಮಡಚಿ ಹೆಂಡತಿಯ ಅಥವಾ ತಂದೆತಾಯಿಯ ಕೈಗೆ ಕೊಡುತ್ತಾರೆ. ಯೋಧರು ಬಂದೂಕುಗಳನ್ನು ತಲೆಕೆಳಗಾಗಿ ಹಿಡಿದು ನಿಲ್ಲುತ್ತಾರೆ, ಮೂರು ಸುತ್ತು ಗುಂಡು ಹಾರಿಸುತ್ತಾರೆ, ಕಹಳೆಯಲ್ಲಿ ‘ಲಾಸ್ಟ್ ಪೋಸ್ಟ್’ ನುಡಿಸುತ್ತಾರೆ. ಯುದ್ಧದಲ್ಲಿ ಮಡಿದವರಿಗೆ ಒಂದು ಧಾಟಿ, ಕಂದಕಕ್ಕೆ ಬಿದ್ದವರಿಗೆ ಇನ್ನೊಂದು ಧಾಟಿ ಎಂದು ಇಲ್ಲಿ ಇಲ್ಲ.

ಕೊಡವ ಮನೆಗಳಲ್ಲಿ ಈ ಮೂರು ಸುತ್ತಿಗೂ ಮೊದಲು ಇನ್ನೊಂದು ಸದ್ದು ಕೇಳಿರುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೊಂದು ಎರಡು ಗುಂಡು ಹಾರಿಸುವುದು ಪದ್ಧತಿ. ಊರಿಗೆ ಸುದ್ದಿ ಮುಟ್ಟುವುದು ಹಾಗೆ. ಎಂಬತ್ತು ದಾಟಿ ಹಾಸಿಗೆಯಲ್ಲಿ ಕಣ್ಣುಮುಚ್ಚಿದ ಅಜ್ಜನಿಗೂ ಅವೇ ಎರಡು, ಸೇನೆಯ ಲಾರಿಯಲ್ಲಿ ಮಡಿದ ಮೊಮ್ಮಗನಿಗೂ ಅವೇ ಎರಡು. ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ, ಪಕ್ಕದ ಕೈಮಡ ಎಂಬ ಪುಟ್ಟ ಗುಡಿಯಲ್ಲಿ ಒಕ್ಕದ (ಮನೆತನದ) ಹಿರಿಯರಿಗೆ ಎಡೆ ಇಡುವಾಗಲೂ ಅವರು ಸತ್ತದ್ದು ಹೇಗೆ ಎಂದು ಯಾರೂ ವಿಚಾರಿಸುವುದಿಲ್ಲ.

ಪತ್ರಿಕೆಗಳಲ್ಲಿ ‘ಸಕಲ ಸರ್ಕಾರಿ ಗೌರವಗಳೊಂದಿಗೆ’ ಎಂಬ ಸಾಲು ಬರುತ್ತದೆ. ಅದು ಬೇರೆ ಸಂಗತಿ. ಸೇನಾ ಗೌರವ ಸೇನೆಯ ನಿಯಮದಂತೆ ಸಲ್ಲುವಂಥದ್ದು, ಸರ್ಕಾರಿ ಗೌರವ ರಾಜ್ಯ ಸರ್ಕಾರ ತೀರ್ಮಾನಿಸುವಂಥದ್ದು. ಎರಡನೆಯದರಲ್ಲಿ ಜಿಲ್ಲಾಡಳಿತ ಮತ್ತು ಪೊಲೀಸರು ಇರುತ್ತಾರೆ. ಕೆಲವೊಮ್ಮೆ ಎರಡೂ ಒಟ್ಟಿಗೆ ನಡೆಯುತ್ತವೆ. ಸೇನಾ ಗೌರವ ತಪ್ಪುವ ಒಂದು ಸಂದರ್ಭವಿದೆ: ತಾನೇ ಮಾಡಿಕೊಂಡ ಗಾಯದಿಂದ ಸಾವಾದರೆ ಹಳೆಯ ಸೇನಾ ಆದೇಶದ ಪ್ರಕಾರ ಅದು ಸಲ್ಲುವುದಿಲ್ಲ. 2023ರಲ್ಲಿ ಅಗ್ನಿವೀರರೊಬ್ಬರ (ನಾಲ್ಕು ವರ್ಷದ ಅವಧಿಗೆ ಸೇನೆ ಸೇರಿದವರು) ಸಾವಿನ ನಂತರ ಸೇನೆ ಇದನ್ನು ಬಹಿರಂಗವಾಗಿಯೇ ಸ್ಪಷ್ಟಪಡಿಸಿತು. ಆ ನಿಯಮ ಇಂದಿನ ಕಾಲಕ್ಕೆ ಒಪ್ಪುತ್ತದೆಯೇ ಎಂಬುದು ನನ್ನನ್ನು ಕಾಡುವ ಪ್ರಶ್ನೆ, ಆದರೆ ಅದು ಬೇರೆ ಲೇಖನಕ್ಕೆ ಬೇಕಾದಷ್ಟು ದೊಡ್ಡದು.

ಇನ್ನು ಕಡತ. ಕಷ್ಟವೆಲ್ಲ ಇರುವುದು ಇಲ್ಲಿ.

ಅಪಘಾತವಾದ ತಕ್ಷಣ ಘಟಕದಿಂದ ವರದಿ ಹೋಗುತ್ತದೆ. ನಂತರ ವಿಚಾರಣಾ ಮಂಡಳಿ ಕೂರುತ್ತದೆ. ಸೇನೆಯವರ ಬಾಯಲ್ಲಿ ಅದು ‘ಕೋರ್ಟ್ ಆಫ್ ಎನ್‌ಕ್ವೈರಿ’. ವಾಹನ ಎಲ್ಲಿಗೆ ಹೊರಟಿತ್ತು, ಯಾರ ಆದೇಶದ ಮೇಲೆ, ಚಾಲಕ ಯಾರು, ಸತ್ತವರು ಕರ್ತವ್ಯದ ಮೇಲಿದ್ದರೇ ಎಂದು ಸಾಕ್ಷಿಗಳ ಹೇಳಿಕೆ ದಾಖಲಾಗುತ್ತದೆ. ಘಟಕದ ಕಮಾಂಡಿಂಗ್ ಅಧಿಕಾರಿ ತನ್ನ ಅಭಿಪ್ರಾಯ ಬರೆಯುತ್ತಾರೆ. ಸಾವನ್ನು ‘ಬ್ಯಾಟಲ್ ಕ್ಯಾಶುವಾಲಿಟಿ’ (ಯುದ್ಧ ಅಥವಾ ಕಾರ್ಯಾಚರಣೆಯ ಸಾವು) ಎಂದು ನಮೂದಿಸಬೇಕೇ ‘ಫಿಸಿಕಲ್ ಕ್ಯಾಶುವಾಲಿಟಿ’ (ಇತರ ಕಾರಣದ ಸಾವು) ಎಂದೇ ಎಂಬುದು ಈ ಹಂತದಲ್ಲಿ ಗೊತ್ತಾಗುತ್ತದೆ. ಮಾಜಿ ಸೈನಿಕರು ಚುಟುಕಾಗಿ ಬಿ.ಸಿ., ಪಿ.ಸಿ. ಎನ್ನುತ್ತಾರೆ. ಅದು ‘ಪಾರ್ಟ್ ಟೂ ಆರ್ಡರ್’ ಎಂಬ ದಾಖಲೆಯಲ್ಲಿ ಪ್ರಕಟವಾಗಿ ರೆಕಾರ್ಡ್ ಆಫೀಸಿಗೆ ಸೇರುತ್ತದೆ. ಮುಂದಿನ ಪಿಂಚಣಿಯೆಲ್ಲ ನಿಲ್ಲುವುದು ಈ ಒಂದು ಸಾಲಿನ ಮೇಲೆ.

ಪಿಂಚಣಿಗಾಗಿ ರಕ್ಷಣಾ ಸಚಿವಾಲಯ 2001ರ ಜನವರಿ 31ರ ಆದೇಶದಲ್ಲಿ ಸಾವುಗಳನ್ನು ಎ ಯಿಂದ ಇ ವರೆಗೆ ಐದು ವರ್ಗ ಮಾಡಿದೆ. ಸೇವೆಗೆ ಸಂಬಂಧವಿಲ್ಲದ ಸಹಜ ಕಾರಣದ ಸಾವು ಎ ವರ್ಗ. ಸೇವೆಯಿಂದ ಬಂದ ಅಥವಾ ಉಲ್ಬಣಿಸಿದ ಕಾಯಿಲೆ ಬಿ ವರ್ಗ. ನಮ್ಮ ವಿಷಯ ಮುಖ್ಯವಾಗಿ ಸಿ ವರ್ಗದ್ದು. ಕರ್ತವ್ಯದ ಪ್ರಯಾಣದಲ್ಲಿ ಆಗುವ ವಾಹನ ಅಪಘಾತ, ವಿಮಾನ ದುರಂತ, ಸಮುದ್ರದ ಅವಘಡ, ಕೆಲಸದ ವೇಳೆ ವಿದ್ಯುತ್ ತಗಲುವುದು, ತರಬೇತಿಯಲ್ಲಿ, ಸೇನೆಯೇ ಏರ್ಪಡಿಸಿದ ಕ್ರೀಡೆಯಲ್ಲಿ, ಸಾಹಸ ಯಾತ್ರೆಯಲ್ಲಿ ಆಗುವ ಸಾವು ಎಲ್ಲವೂ ಇದರೊಳಗೆ ಬರುತ್ತವೆ. ಭಯೋತ್ಪಾದಕರ ಅಥವಾ ಸಮಾಜಘಾತುಕರ ದಾಳಿಯಲ್ಲಿ, ನಾಗರಿಕ ಆಡಳಿತಕ್ಕೆ ನೆರವಾಗುವಾಗ ಆಗುವ ಸಾವು ಡಿ. ಯುದ್ಧ, ಗಡಿ ಚಕಮಕಿ, ಸರ್ಕಾರ ವಿಶೇಷವಾಗಿ ಘೋಷಿಸಿದ ಕಾರ್ಯಾಚರಣೆ ಇ. ಶತ್ರುವೇ ಇಲ್ಲದ ಕೆಲವು ಸಾವುಗಳೂ ಇ ವರ್ಗದಲ್ಲಿವೆ. ಗಡಿಯ ಬಳಿ ನೆಲಬಾಂಬ್ ಹೂಳುವಾಗ ಆಕಸ್ಮಿಕವಾಗಿ ಸ್ಫೋಟಿಸಿದರೆ, ನಿಜವಾದ ಮದ್ದುಗುಂಡು ಬಳಸುವ ಯುದ್ಧಾಭ್ಯಾಸದಲ್ಲಿ ಪ್ರಾಣ ಹೋದರೆ ಅವು ಅಪಘಾತಗಳೇ, ಆದರೂ ಕಡತದಲ್ಲಿ ಯುದ್ಧದ ಸಾಲಿನಲ್ಲಿ ಕೂರುತ್ತವೆ.

ಹಣದ ಲೆಕ್ಕಕ್ಕೆ ಒಂದು ಉದಾಹರಣೆ ಸಾಕು. ಪಿಂಚಣಿಗೆ ಪರಿಗಣಿಸುವ ಕೊನೆಯ ಸಂಬಳ ತಿಂಗಳಿಗೆ 50,000 ರೂಪಾಯಿ ಎಂದಿಟ್ಟುಕೊಳ್ಳೋಣ. ಡಿ ಅಥವಾ ಇ ವರ್ಗವಾದರೆ ಹೆಂಡತಿಗೆ ‘ಉದಾರೀಕೃತ ಕುಟುಂಬ ಪಿಂಚಣಿ’, ಅಂದರೆ ಆ ಸಂಬಳದ ನೂರಕ್ಕೆ ನೂರು: 50,000. ಬಿ ಅಥವಾ ಸಿ ವರ್ಗವಾದರೆ ‘ವಿಶೇಷ ಕುಟುಂಬ ಪಿಂಚಣಿ’, ಶೇಕಡ 60: 30,000. ಎ ವರ್ಗವಾದರೆ ಸಾಮಾನ್ಯ ಕುಟುಂಬ ಪಿಂಚಣಿ, ಮೊದಲ ಹತ್ತು ವರ್ಷ ಶೇಕಡ 50, ನಂತರ ಶೇಕಡ 30: ಅಂದರೆ 25,000, ಆಮೇಲೆ 15,000. ತುಟ್ಟಿಭತ್ಯೆ ಇದರ ಮೇಲೆ. ಎಳೆಯ ವಯಸ್ಸಿನ ವಿಧವೆಯೊಬ್ಬರು ಮುಂದೆ ಐವತ್ತು ವರ್ಷ ಬದುಕುತ್ತಾರೆ ಎಂದರೆ ಒಂದು ಅಕ್ಷರದ ವ್ಯತ್ಯಾಸ ಎಷ್ಟು ದೊಡ್ಡ ಮೊತ್ತವಾಗುತ್ತದೆ ಎಂದು ಯಾರಾದರೂ ಗುಣಿಸಿ ನೋಡಬಹುದು.

ಕೇಂದ್ರ ಸರ್ಕಾರ ಒಮ್ಮೆಗೆ ಕೊಡುವ ಪರಿಹಾರಧನದಲ್ಲೂ ಮೆಟ್ಟಿಲುಗಳಿವೆ. 2016ರ ಜನವರಿಯಿಂದ ಜಾರಿಯಾದ ದರದಂತೆ ಕರ್ತವ್ಯದ ವೇಳೆಯ ಅಪಘಾತಕ್ಕೆ 25 ಲಕ್ಷ, ಗಡಿ ಚಕಮಕಿಗೆ ಮತ್ತು ಎತ್ತರದ ದುರ್ಗಮ ಠಾಣೆಗಳಲ್ಲಿ ಪ್ರಕೃತಿ ವಿಕೋಪದಿಂದ ಆಗುವ ಸಾವಿಗೆ 35 ಲಕ್ಷ, ಯುದ್ಧದಲ್ಲಿ ಶತ್ರುವಿನ ಕ್ರಮದಿಂದ ಆಗುವ ಸಾವಿಗೆ 45 ಲಕ್ಷ. ಸಂಬಳದಿಂದ ಮುರಿದುಕೊಂಡ ಕಂತಿನಿಂದ ನಡೆಯುವ ಸೇನಾ ಸಮೂಹ ವಿಮೆ ಮಾತ್ರ ಈ ವರ್ಗಗಳನ್ನು ನೋಡಿ ಕೊಡುವಂಥದ್ದಲ್ಲ. ಯುದ್ಧದಲ್ಲಿ ಮಡಿದವರ ಕ್ಷೇಮನಿಧಿಯಿಂದ ಸಿಗುವ ನೆರವು 2020ರಲ್ಲಿ 2 ಲಕ್ಷದಿಂದ 8 ಲಕ್ಷಕ್ಕೆ ಏರಿತು. ಅದು ಬಿ.ಸಿ. ಎಂದು ನಮೂದಾದವರಿಗೆ ಮಾತ್ರ.

ಅಗ್ನಿವೀರರ ಲೆಕ್ಕವೇ ಬೇರೆ. ಅವರಿಗೆ ಪಿಂಚಣಿ ಇಲ್ಲ. ಕಂತು ಕಟ್ಟಬೇಕಿಲ್ಲದ 48 ಲಕ್ಷದ ವಿಮೆ ಇದೆ. ಸಾವು ಸೇವೆಯ ಕಾರಣದಿಂದ ಎಂದಾದರೆ 44 ಲಕ್ಷ ಪರಿಹಾರಧನ ಮತ್ತು ನಾಲ್ಕು ವರ್ಷದಲ್ಲಿ ಉಳಿದ ಅವಧಿಯ ಸಂಬಳ ಮನೆಯವರಿಗೆ ಹೋಗುತ್ತದೆ. ಮೊತ್ತ ದೊಡ್ಡದಾಗಿ ಕಾಣುತ್ತದೆ, ಆದರೆ ತಿಂಗಳು ತಿಂಗಳು ಬರುವ ಹಣದ ಸ್ಥಾನವನ್ನು ಅದು ತುಂಬುವುದಿಲ್ಲ. ಸೇನೆಗೆ ಮಕ್ಕಳನ್ನು ಕಳಿಸುವ ಜಿಲ್ಲೆಯವರು ಇದನ್ನು ಭರ್ತಿಗೆ ಮೊದಲೇ ಓದಿಕೊಂಡಿರುವುದು ಒಳ್ಳೆಯದು.

ವರ್ಗಗಳು ಕಾಗದದ ಮೇಲೆ ಸ್ಪಷ್ಟವಾಗಿವೆ, ನೆಲದ ಮೇಲೆ ಅಲ್ಲ. ಸಿಯಾಚಿನ್ ನೆನಪಿಸಿಕೊಳ್ಳಿ. 2016ರ ಫೆಬ್ರುವರಿ 3ರಂದು ಹಿಮ ಕುಸಿದು 19ನೇ ಮದ್ರಾಸ್ ದಳದ ಹತ್ತು ಮಂದಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತವಾಗಿ ಸಿಕ್ಕರು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಡೀ ಕರ್ನಾಟಕ ಆ ದಿನಗಳಲ್ಲಿ ಉಸಿರು ಬಿಗಿಹಿಡಿದಿತ್ತು. ಅಲ್ಲಿ ಕೊಂದದ್ದು ಹಿಮ. ಆದರೂ ಗಡಿಯಲ್ಲಿ, ನಿಯಂತ್ರಣ ರೇಖೆಯಲ್ಲಿ ಕಾರ್ಯಾಚರಣೆಯ ವೇಳೆ ಪ್ರಕೃತಿ ವಿಕೋಪದಿಂದ, ಹವಾಮಾನ ತಂದ ಕಾಯಿಲೆಯಿಂದ ಆಗುವ ಸಾವನ್ನು ಬಿ.ಸಿ. ಎಂದೇ ಪರಿಗಣಿಸಬೇಕು ಎಂದು ಸೇನೆಯ ನಿಯಮ ಹೇಳುತ್ತದೆ.

ನಿಯಮ ಹೇಳಿದರೂ ಕಚೇರಿ ಕೇಳಬೇಕಲ್ಲ. ನಿಯಂತ್ರಣ ರೇಖೆಯ ಬಳಿ ಗಸ್ತಿನಲ್ಲಿದ್ದಾಗ ತೀವ್ರ ಚಳಿಯಲ್ಲಿ ಹೃದಯ ನಿಂತು 2013ರಲ್ಲಿ ಮಡಿದ ನಾಯಕ್ ಒಬ್ಬರ ಸಾವನ್ನು ಮೊದಲು ಬಿ.ಸಿ. ಎಂದು ಬರೆದು, ಆಮೇಲೆ ಪಿ.ಸಿ. ಎಂದು ಬದಲಿಸಿದರು. ಹೆಂಡತಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರು, 2019ರಲ್ಲಿ ಗೆದ್ದರು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿತು. 2024ರ ಡಿಸೆಂಬರ್ 3ರಂದು ಕೋರ್ಟು ಅದನ್ನು ವಜಾ ಮಾಡಿ, ಆಕೆಯನ್ನು ಅಲ್ಲಿಯವರೆಗೆ ಎಳೆತರಬಾರದಿತ್ತು ಎಂದು ಹೇಳಿ, ಸರ್ಕಾರಕ್ಕೆ 50,000 ರೂಪಾಯಿ ದಂಡವೆಚ್ಚ ಹಾಕಿತು. ಸಾವಿಗೂ ತೀರ್ಪಿಗೂ ನಡುವೆ ಹನ್ನೊಂದು ವರ್ಷಕ್ಕೂ ಹೆಚ್ಚು.

ರಜೆಯ ವಿಷಯದಲ್ಲೂ ಜನರಿಗೆ ತಪ್ಪು ಕಲ್ಪನೆ ಇದೆ. ರಜೆಗೆ ಊರಿಗೆ ಹೊರಟ ಯೋಧ ಸರ್ಕಾರಿ ಖರ್ಚಿನ ಪ್ರಯಾಣಕ್ಕೆ ಅರ್ಹನಾಗಿದ್ದು, ದಾರಿಯಲ್ಲಿ ಅಪಘಾತವಾದರೆ ಅದು ಕರ್ತವ್ಯವೇ. ಮರಳಿ ಹೋಗುವಾಗಲೂ ಹಾಗೆಯೇ. ಆದರೆ ಊರು ಸೇರಿದ ಮೇಲೆ, ಸ್ವಂತ ಬೈಕಿನಲ್ಲಿ ಸುಂಟಿಕೊಪ್ಪದ ಸಂತೆಗೆ ಹೋಗುವಾಗ ಬಿದ್ದರೆ ಅದಕ್ಕೂ ಸೇವೆಗೂ ನಂಟು ತೋರಿಸುವುದು ಕಷ್ಟ. ರೈಲ್ವೆ ವಾರಂಟ್ (ಸರ್ಕಾರಿ ಖರ್ಚಿನ ಪ್ರಯಾಣದ ಚೀಟಿ), ಟಿಕೆಟ್ಟು, ರಜೆ ಚೀಟಿ ಇವನ್ನು ಕಳೆದುಕೊಳ್ಳಬಾರದು ಎಂದು ಹಳೆಯ ಸುಬೇದಾರರು ಹೇಳುವುದು ಇದಕ್ಕೇ.

ಹುತಾತ್ಮ ಪದದ ಬಗ್ಗೆ ಒಂದೇ ಮಾತು. ಸೇನೆಯ ಕಡತದಲ್ಲಿ ಅಂಥ ವರ್ಗವೇ ಇಲ್ಲ, ಕೇಂದ್ರ ಸರ್ಕಾರ ಇದನ್ನು ಸಂಸತ್ತಿನಲ್ಲೇ ಹೇಳಿದೆ. ಜನ ಪ್ರೀತಿಯಿಂದ ಕರೆದರೆ ತಡೆಯುವವರಿಲ್ಲ, ಕರೆಯದಿದ್ದರೆ ಪಿಂಚಣಿ ಕಡಿಮೆಯಾಗುವುದೂ ಇಲ್ಲ.

ಮೂರನೆಯದು ಕಲ್ಲು. 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ನಾಲ್ಕು ವೃತ್ತಗಳಿವೆ. ಅವುಗಳಲ್ಲಿ ತ್ಯಾಗ ಚಕ್ರದ ಗ್ರಾನೈಟ್ ಫಲಕಗಳ ಮೇಲೆ ಆಗ 25,942 ಹೆಸರುಗಳಿದ್ದವು. ಸ್ವಾತಂತ್ರ್ಯಾನಂತರದ ಯುದ್ಧ ಮತ್ತು ಕಾರ್ಯಾಚರಣೆಗಳಲ್ಲಿ ಮಡಿದವರು ಇವರು. ತರಬೇತಿ ಹಾರಾಟದಲ್ಲಿ ವಿಮಾನ ಬಿದ್ದು, ಬಯಲಿನ ಹೆದ್ದಾರಿಯಲ್ಲಿ ಲಾರಿ ಮಗುಚಿ ಸತ್ತವರಿಗಾಗಿ ಕಟ್ಟಿದ ಗೋಡೆ ಅದಲ್ಲ.

ಬೇರೆ ಕಡೆ ಬೇರೆ ರೀತಿ ಇದೆ. ಎರಡು ಮಹಾಯುದ್ಧಗಳಲ್ಲಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಸಮಾಧಿ ಆಯೋಗ, ನಿಗದಿತ ಅವಧಿಯೊಳಗೆ ಸೇವೆಯಲ್ಲಿದ್ದು ಸತ್ತವರಲ್ಲಿ ಗುಂಡಿನಿಂದಲೋ ಜ್ವರದಿಂದಲೋ ಅಪಘಾತದಿಂದಲೋ ಎಂದು ಭೇದ ಮಾಡುವುದಿಲ್ಲ. ಬ್ರಿಟನ್ನಿನ ಸ್ಟಾಫರ್ಡ್‌ಶೈರ್‌ನಲ್ಲಿ 2007ರಲ್ಲಿ ಸಮರ್ಪಿಸಿದ ಸಶಸ್ತ್ರ ಪಡೆಗಳ ಸ್ಮಾರಕದಲ್ಲಿ ತರಬೇತಿಯಲ್ಲಿ ಮಡಿದವರ ಹೆಸರೂ ಇದೆ. ವಿಶ್ವಸಂಸ್ಥೆ 1997ರಲ್ಲಿ ಸ್ಥಾಪಿಸಿದ ಡಾಗ್ ಹ್ಯಾಮರ್‌ಷೆಲ್ಡ್ ಪದಕ, ಶಾಂತಿಪಾಲನೆಯಲ್ಲಿ ದಾಳಿಯಿಂದ, ಕಾಯಿಲೆಯಿಂದ, ಅಪಘಾತದಿಂದ ಪ್ರಾಣ ಬಿಟ್ಟ ಎಲ್ಲರಿಗೂ ಒಂದೇ. ದೂರ ಏಕೆ ಹೋಗಬೇಕು, ಕನ್ನಡ ನಾಡಿನ ವೀರಗಲ್ಲುಗಳು ರಣರಂಗಕ್ಕೆ ಮಾತ್ರ ಮೀಸಲಾಗಿರಲಿಲ್ಲ. ತುರು ಕಾಯುವಾಗ, ಕಾಡುಪ್ರಾಣಿಯೊಡನೆ ಸೆಣಸುವಾಗ ಸತ್ತವರಿಗೂ ಕಲ್ಲು ನಿಂತಿದೆ. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಂತೂ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೇ ಗೌರವವಿದೆ.

ಆದರೆ ಒಂದೇ ಗೋಡೆಯ ಮೇಲೆ ಎಲ್ಲರ ಹೆಸರನ್ನೂ ಸೇರಿಸಬೇಕೆಂದು ನಾನು ವಾದಿಸುವುದಿಲ್ಲ. ಯುದ್ಧ ಸ್ಮಾರಕಕ್ಕೆ ಅದರದೇ ಉದ್ದೇಶವಿದೆ. ನನ್ನ ತಕರಾರು ಊರಿನ ಕಲ್ಲಿನ ಬಗ್ಗೆ. ವೃತ್ತಕ್ಕೆ ಹೆಸರಿಡುವಾಗ, ಶಾಲೆಯ ಅಂಗಳದಲ್ಲಿ ಫಲಕ ನೆಡುವಾಗ, ಬಸ್ ತಂಗುದಾಣ ಕಟ್ಟಿಸುವಾಗ ಅಪಘಾತ ಎಂಬ ಪದವನ್ನು ನಾವು ನಾಚಿಕೆಯಿಂದ ನುಂಗಿಬಿಡುತ್ತೇವೆ. ‘ಶತ್ರುಗಳೊಡನೆ ಹೋರಾಡುತ್ತಾ ವೀರಮರಣ’ ಎಂದು ಫ್ಲೆಕ್ಸ್ ಬರೆಯುವವರಿಗೆ ಅದು ಗೌರವ ಎನಿಸುತ್ತದೆ. ನಿಜವಾದ ಸಾವನ್ನು ಹೇಳಿದರೆ ಗೌರವ ಕಡಿಮೆಯಾಗುತ್ತದೆ ಎಂಬ ಅನುಮಾನ ಇರುವುದು ಬರೆಯುವವರಲ್ಲೇ. ಹೆಸರು, ಘಟಕ, ಊರು, ತಾರೀಕು, ‘ಪೂಂಛ್‌ನಲ್ಲಿ ಕರ್ತವ್ಯದ ವೇಳೆ ವಾಹನ ಅಪಘಾತದಲ್ಲಿ’ ಎಂದು ಕೆತ್ತಿದರೆ ಏನೂ ತಗ್ಗುವುದಿಲ್ಲ. ಬದಲಿಗೆ ಓದಿದವನಿಗೆ ಒಂದು ಪ್ರಶ್ನೆ ಹುಟ್ಟುತ್ತದೆ: ಆ ರಸ್ತೆಗೆ ತಡೆಗೋಡೆ ಇತ್ತೇ? ವಾಹನ ಎಷ್ಟು ಹಳೆಯದಿತ್ತು? ಶತ್ರುವಿನ ಗುಂಡನ್ನು ನಾವು ತಡೆಯಲಾಗದಿರಬಹುದು, ಸವೆದ ಬ್ರೇಕನ್ನು ತಡೆಯಬಹುದು. 2023ರ ಆಗಸ್ಟ್‌ನಲ್ಲಿ ಲಡಾಖ್‌ನಲ್ಲಿ ಸೇನಾ ಲಾರಿ ಕಂದಕಕ್ಕೆ ಬಿದ್ದು ಒಂಬತ್ತು ಮಂದಿ, 2024ರ ಜೂನ್‌ನಲ್ಲಿ ಅಲ್ಲಿಯೇ ನದಿ ದಾಟುವ ಅಭ್ಯಾಸದಲ್ಲಿ ಟ್ಯಾಂಕ್ ಸಿಲುಕಿ ಐವರು ಸತ್ತರು. ಎಲ್ಲರನ್ನೂ ವೀರಮರಣದ ಒಂದೇ ಸಾಲಿನಲ್ಲಿ ಸೇರಿಸಿಬಿಟ್ಟರೆ ಕಾರಣ ಕೇಳುವವರೇ ಉಳಿಯುವುದಿಲ್ಲ.

ಅಪಘಾತ ಹುದ್ದೆ ನೋಡುವುದಿಲ್ಲ ಎಂಬುದಕ್ಕೆ ಕೊಡಗಿಗೆ ಹತ್ತಿರದ ಸಾಕ್ಷಿಯಿದೆ. 2017ರ ನವೆಂಬರ್ 4ರಂದು ಗೋಣಿಕೊಪ್ಪಲಿನ ಕಾವೇರಿ ಕಾಲೇಜಿನಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಅವರ ಪ್ರತಿಮೆಗಳನ್ನು ಅನಾವರಣ ಮಾಡಿದವರು ಅಂದಿನ ಸೇನಾ ಮುಖ್ಯಸ್ಥ ಬಿಪಿನ್ ರಾವತ್. ಕಾರ್ಯಪ್ಪನವರಿಗೆ ಭಾರತ ರತ್ನ ಸಲ್ಲಬೇಕು ಎಂದು ಅವರು ಅಲ್ಲಿ ಹೇಳಿದ್ದು ಜಿಲ್ಲೆಗೆ ಇನ್ನೂ ನೆನಪಿದೆ. 2021ರ ಡಿಸೆಂಬರ್ 8ರಂದು ಸೂಲೂರಿನಿಂದ ವೆಲ್ಲಿಂಗ್ಟನ್‌ಗೆ ಹೊರಟಿದ್ದ ಅವರ ಹೆಲಿಕಾಪ್ಟರ್ ಕೂನೂರಿನ ಬಳಿ ಬಿತ್ತು. ಅದರಲ್ಲಿದ್ದ ಹದಿನಾಲ್ಕು ಮಂದಿಯಲ್ಲಿ ಹದಿಮೂವರು ಅಂದೇ ಹೋದರು. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರದ ನಂತರ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೂರೂ ಪಡೆಗಳ ತನಿಖೆ ನಡೆಯಿತು, ದೇಶವೆಲ್ಲ ಕಾರಣ ಕೇಳಿತು. ಸಿಪಾಯಿಯ ಮನೆಯವರು ಕೇಳಿದರೆ ಅದು ಉದ್ಧಟತನ ಆಗಬೇಕಿಲ್ಲ.

ಕಡತದ ಮೊದಲ ಸಾಲೇ ಕೊನೆಯ ಸಾಲಲ್ಲ ಎಂಬುದಕ್ಕೂ ಕೊಡಗಿನವರೊಬ್ಬರೇ ಉದಾಹರಣೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಮರಳಲಿಲ್ಲ. ಅವರ ವಿಮಾನಕ್ಕೆ ಏನಾಯಿತೆಂಬುದು ವರ್ಷಗಟ್ಟಲೆ ಇಲ್ಲಿ ಸರಿಯಾಗಿ ತಿಳಿದಿರಲಿಲ್ಲ. ತಮ್ಮ ವಿಮಾನಕ್ಕಿಂತ ಬಹಳ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವನ್ನು ಅವರು ಹೊಡೆದುರುಳಿಸಿದ್ದರೆಂಬ ಸಂಗತಿ ಹೊರಬಿದ್ದದ್ದು ವಿದೇಶಿ ಲೇಖಕನೊಬ್ಬನ ಬರಹದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷದ ನಂತರ.

ಮನೆಯವರು ಮಾಡಬೇಕಾದ್ದು ಇಷ್ಟು. ಘಟಕದಿಂದ ಬಂದ ಪ್ರತಿಯೊಂದು ಪತ್ರದ ನಕಲು ಇಟ್ಟುಕೊಳ್ಳಬೇಕು. ಪಾರ್ಟ್ ಟೂ ಆರ್ಡರ್‌ನಲ್ಲಿ ಬಿ.ಸಿ. ಎಂದಿದೆಯೇ ಪಿ.ಸಿ. ಎಂದಿದೆಯೇ, ಪಿಂಚಣಿ ಆದೇಶದಲ್ಲಿ ಯಾವ ಬಗೆಯ ಕುಟುಂಬ ಪಿಂಚಣಿ ಎಂದು ಬರೆದಿದೆ ಎಂಬುದನ್ನು ನೋಡಿಕೊಳ್ಳಬೇಕು. ಈಗ ಪಿಂಚಣಿ ಆದೇಶ ರಕ್ಷಣಾ ಪಿಂಚಣಿಯ ‘ಸ್ಪರ್ಶ್’ ಜಾಲತಾಣದಲ್ಲಿ ಕಾಣುತ್ತದೆ. ವಿಚಾರಣಾ ಮಂಡಳಿಯ ನಡಾವಳಿಯನ್ನು ಲಿಖಿತವಾಗಿ ಕೇಳಬೇಕು, ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಅರ್ಜಿ ಬರೆಯುವುದು ಗೊತ್ತಾಗದಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿ ಇರುವುದೇ ಅದಕ್ಕೆ. ನಿರ್ಣಯ ಒಪ್ಪಿಗೆಯಾಗದಿದ್ದರೆ ಮೊದಲ ಮೇಲ್ಮನವಿ, ಎರಡನೆಯ ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅದಕ್ಕೆ ಪ್ರಾದೇಶಿಕ ಪೀಠಗಳಿವೆ, ದೆಹಲಿಗೇ ಹೋಗಬೇಕಿಲ್ಲ.